ಅಂಗಳದಲ್ಲಿ ಚಾಲೂ ಮಾಡಬಾರದೆಂದ ಗಾಡಿ

ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ನಾನು ಯರಗಟ್ಟಿಯಲ್ಲಿ ನೀರೆತ್ತುವ ಎಂಜಿನ್‌ಗಳ ರಿಪೇರಿ ಅಂಗಡಿ ಇಟ್ಟಿದ್ದೆ. ಹೊಳೆಸಾಲಿನ ಹೊಲಗಳಿಂದ ರೈತರು ಕೆಟ್ಟ ಎಂಜಿನ್‌ಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬರುತ್ತಿದ್ದರು. ಬಿಚ್ಚುವ ಮೊದಲು ಕಿವಿಗೊಟ್ಟು ಕೇಳಿ, ರೋಗ ಎಲ್ಲಿದೆ ಎಂದು ಹೇಳುತ್ತಿದ್ದೆ. ಹತ್ತರಲ್ಲಿ ಎಂಟು ಸಲ ಸರಿ ಹೋಗುತ್ತಿತ್ತು. ಅದರ ಸೊಕ್ಕು ನನಗಿತ್ತು.

ಅಕ್ಕನ ಗಂಡ ಸಂತೆಯಿಂದ ಸಂತೆಗೆ ಮೆಣಸಿನಕಾಯಿ ಒಯ್ದು ಮಾರುತ್ತಿದ್ದ. ನಾನು ಅವನನ್ನು ಮಾಮಾ ಅನ್ನುತ್ತಿದ್ದೆ. ಬಾಡಿಗೆ ಗಾಡಿಗಳ ದಾರಿ ಕಾದು ಬೇಸತ್ತಿದ್ದ ಅವನು, ಒಂದು ಬೇಸಿಗೆ ಅಂಗಡಿಗೆ ಬಂದು ನಿಂತ.

"ರಾಮದುರ್ಗದ ಕಡೆ ಒಂದು ಹಳೇ ಪಿಕಪ್ ಐತಿ. ಯುದ್ಧದ ಕಾಲದ್ದು, ಮಿಲ್ಟ್ರಿಯವ್ರು ಹರಾಜು ಹಾಕಿದ್ದಂತ. ಬಾಡಿ ಗಟ್ಟಿ ಐತಿ, ನಾ ನೋಡೇನಿ. ಎಂಜಿನ್ ನೀ ಬಂದು ನೋಡು. ನೀ ಹೂಂ ಅಂದ್ರ ತಗೋತೇನಿ, ಇಲ್ಲಂದ್ರ ಇಲ್ಲ."

ಪಾನಾ, ಸ್ಕ್ರೂಡ್ರೈವರ್‌ಗಳನ್ನು ಚೀಲದಲ್ಲಿ ಹಾಕಿಕೊಂಡು ಬೆಳಗಿನ ಬಸ್ಸು ಹತ್ತಿದೆವು. ರಾಮದುರ್ಗಕ್ಕಿಂತ ಮೊದಲೇ ಒಂದು ಹಳ್ಳಿಯಲ್ಲಿ ಇಳಿದು ನಡೆದೆವು. ಮನೆ ಊರ ಅಂಚಿನಲ್ಲಿತ್ತು. ಬಾಗಿಲು ಅರ್ಧ ಮುಚ್ಚಿತ್ತು. ಅಡಿಗೆಯ ಹೊತ್ತಾದರೂ ಒಳಗಿನಿಂದ ಪಾತ್ರೆಯ ಸಪ್ಪಳವಿಲ್ಲ, ಮಾತಿಲ್ಲ. ಅಂಗಳದ ಬೇವಿನ ಗಿಡದ ಕೆಳಗೆ ಪಿಕಪ್ ನಿಂತಿತ್ತು, ಮುಖ ಗೋಡೆಗೆ. ಅದರ ಎರಡೂ ಲೈಟಿಗೆ ಗೋಣಿತಟ್ಟು ಕಟ್ಟಿದ್ದರು.

ಗಾಡಿ ಮಾರುವವನು ನಲವತ್ತು ದಾಟಿದ ಮನುಷ್ಯ. ಕೂಡಿರಿ ಅನ್ನಲಿಲ್ಲ, ನೀರು ಬೇಕೇ ಎಂದು ಕೇಳಲಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಅದು ಆಗದ ಮಾತು.

"ಏನು ನೋಡತೀರಿ ನೋಡ್ರಿ," ಅಂದ. "ಆದ್ರ ಇಲ್ಲೆ ಚಾಲೂ ಮಾಡಬ್ಯಾಡ್ರಿ. ರಸ್ತಾಕ್ಕ ನೂಕೂಣು, ಅಲ್ಲೆ ಮಾಡ್ರಿ. ಮನ್ಯಾಗ ಆರಾಮಿಲ್ಲದವ್ರು ಅದಾರ."

ಅವನು ಪಿಸುದನಿಯಲ್ಲೇ ಮಾತಾಡುತ್ತಿದ್ದ. ನನಗೆ ಆಗಲೇ ಸಂಶಯ ಬಂತು. ನೂಕಿ ಚಾಲೂ ಮಾಡಿದರೆ ಎಂತಹ ಸೋತ ಎಂಜಿನ್ನೂ ಎದ್ದು ಕೂಡುತ್ತದೆ. ತಣ್ಣಗೆ ನಿಂತ ಜಾಗದಲ್ಲೇ ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸಿದಾಗ ಅದರ ನಿಜ ತಿಳಿಯುವುದು.

ಬಾನೆಟ್ ಎತ್ತಿದೆ. ಮೇಲಿನಿಂದ ಎಲ್ಲವೂ ಸ್ವಚ್ಛ, ಬೇಕಾದ್ದಕ್ಕಿಂತ ಹೆಚ್ಚು ಸ್ವಚ್ಛ. ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದರೆ ಎಣ್ಣೆ ಜೇನಿನ ಬಣ್ಣದ್ದು, ನಿನ್ನೆ ಮೊನ್ನೆ ಸುರಿದದ್ದು. ಸ್ವಿಚ್ ಹಾಕದೆ ಹ್ಯಾಂಡಲ್ ತಿರುಗಿಸಿದೆ. ಮೂರು ಸಿಲಿಂಡರ್ ಕೈಯನ್ನು ಹಿಂದಕ್ಕೆ ನೂಕಿದವು, ನಾಲ್ಕನೆಯದು ಮೆತ್ತಗೆ ಸೋತಿತು. ಹಳೆಯ ಎಂಜಿನ್ನಿಗೆ ಅಷ್ಟು ನಡೆಯುತ್ತದೆ. ಕೆಳಗೆ ಮಲಗಿ, ಎಣ್ಣೆ ಇಳಿಸುವ ತಳದ ನಟ್ಟನ್ನು ತುಸುವೇ ಸಡಿಲಿಸಿದೆ. ಮೊದಲು ಎಣ್ಣೆ ಬರಲಿಲ್ಲ, ನೀರು ಬಂತು. ಏಳೆಂಟು ಹನಿ ತುಕ್ಕಿನ ನೀರು ನನ್ನ ಮೊಣಕೈಯವರೆಗೆ ಹರಿದು, ಆಮೇಲೆ ಎಣ್ಣೆ ಬಂತು.

ನಟ್ಟು ಬಿಗಿದು ಎದ್ದೆ. ಎಂಜಿನ್ನಿಗೆ ಗಾಳಿ ಹೋಗುವ ಡಬ್ಬಿಯನ್ನು ಬಿಚ್ಚಿದೆ. ಎಂಜಿನ್ ತೊಳೆದು ಹೊಸ ಎಣ್ಣೆ ಸುರಿದವರು ಅದನ್ನು ಮರೆತಿದ್ದರು. ಅದರ ತಳದಲ್ಲಿ ಬೆರಳು ದಪ್ಪದ ಕಪ್ಪು ರೇವೆ ಮಣ್ಣು ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆದರಿದಾಗ ಜೋಳದ ಕಾಳಿನಷ್ಟು ಸಣ್ಣ ಶಂಖದ ಹುಳದ ಚಿಪ್ಪು ಸಿಕ್ಕಿತು.

"ಇದೇನ್ರಿ?" ಅಂಗೈ ಚಾಚಿದೆ.

"ಹೊಲದ ದಾರಿ ಧೂಳ್ರಿ."

"ಧೂಳಿನ್ಯಾಗ ಶಂಖದ ಹುಳಾ ಇರ್ತೈತೇನ್ರಿ?"

ಅವನು ಅರ್ಧ ಮುಚ್ಚಿದ ಬಾಗಿಲನ್ನು ನೋಡಿದ. ಮಾಮಾ ನನ್ನ ತೋಳು ಹಿಡಿದು, "ಹೋಗೂಣು ನಡಿ, ಯಾಕೋ ಸಮಾ ಕಾಣವಲ್ದು," ಅಂದ. ಆಗಲೇ ಹೊರಟಿದ್ದರೆ ಚೆನ್ನಿತ್ತು. ಆದರೆ ನನ್ನ ಹಠ ನನ್ನದು. ನೀರಲ್ಲಿ ಮುಳುಗಿದ ಗಾಡಿಯನ್ನು ಮುಚ್ಚಿಟ್ಟು ಮಾರುವ ಕಳ್ಳನನ್ನು ಹಿಡಿದೆ ಎಂಬ ಹುರುಪು ಬೇರೆ.

"ಇಲ್ಲೇ ಚಾಲೂ ಮಾಡಿ ತೋರಸ್ರಿ. ಇಲ್ಲಂದ್ರ ವ್ಯವಹಾರನ ಬ್ಯಾಡ," ಅಂದೆ.

ಅವನು ಕೊನೆಗೆ, "ಲಗೂನ ಬಂದ್ ಮಾಡ್ರಿ ಮತ್ತ," ಅಂದು ಗೋಡೆಯ ಕಡೆ ಸರಿದು ನಿಂತ.

ಮಾಮಾ ಒಳಗೆ ಕೂತು ಚೋಕ್ ಎಳೆದ. ನಾನು ಹ್ಯಾಂಡಲ್ ಹೊಡೆದೆ. ಮೂರನೆಯ ಸಲಕ್ಕೆ ಎಂಜಿನ್ ಎದ್ದಿತು. ಇಡೀ ಅಂಗಳ ಸದ್ದಿನಿಂದ ತುಂಬಿ, ಬೇವಿನ ಗಿಡದ ಕಾಗೆಗಳು ಹಾರಿದವು.

ಬಾಗಿಲು ತೆರೆಯಿತು. ಮೂವತ್ತರ ಒಳಗಿನ ಒಬ್ಬ ಹೆಣ್ಣುಮಗಳು ತಂಬಿಗೆ ತುಂಬ ನೀರು ಹಿಡಿದುಕೊಂಡು ಲಗುಬಗೆಯಿಂದ ಬಂದಳು. ಹಣೆ ಬರಿದಾಗಿತ್ತು. ನೀರು ತುಳುಕಿ ಸೀರೆಯ ನೆರಿಗೆ ತೋಯ್ದಿತ್ತು. ನೇರ ಡ್ರೈವರ್ ಬಾಗಿಲಿಗೆ ಹೋಗಿ ತಂಬಿಗೆ ಎತ್ತಿ ಕೊಡಲು ಹೋದವಳು, ಒಳಗೆ ಕೂತ ಮಾಮಾನ ಮುಖ ನೋಡಿ ಹಾಗೆಯೇ ನಿಂತುಬಿಟ್ಟಳು.

ಮಾರುವವನು ಓಡಿ ಬಂದ. "ಒಳಗ ನಡಿಯವ್ವಾ, ನಡಿ," ಎಂದು ಅವಳಿಗೆ ಮನೆಯ ಕಡೆ ಕೈ ತೋರಿದ. ನನ್ನ ಕಡೆ ತಿರುಗಿ, "ಸಮಾಧಾನಾತೇನ್ರಿ ನಿಮಗ? ನನ್ನ ತಮ್ಮ, ಈಕೀ ಗಂಡನ ಗಾಡಿ ಇದು. ಹ್ವಾದ ಶ್ರಾವಣದಾಗ ಹೊಳಿ ತುಂಬಿದಾಗ ದಾಟಾಕ ಹೋಗಿ ಗಾಡಿ ಸಮೇತ ಹ್ವಾದ. ಅಂವ ಮೂರು ದಿನಕ್ಕ ಸಿಕ್ಕ, ಗಾಡಿ ಹದಿನೈದು ದಿನಕ್ಕ. ಸಪ್ಪಳಾ ಈಕೀ ಕಿವಿಗೆ ಬೀಳಬಾರದಂತ ಊರ ಹೊರಗ ರಿಪೇರಿ ಮಾಡಿಸಿ, ಎತ್ತು ಹೂಡಿ ಎಳಕೊಂಡು ಬಂದಿದ್ವಿ," ಅಂದ.

ಅವಳು ಒಳಗೆ ಹೋಗಲಿಲ್ಲ. "ಅವ್ರಲ್ಲಂತ ನನಗ ಗೊತ್ತೈತ್ರಿ ಭಾವ. ಗಾಡಿ ಸಪ್ಪಳಕ್ಕ ಕಾಲು ತಾವ ಬಂದ್ವು," ಅಂದಳು. ಆಮೇಲೆ ನನ್ನನ್ನು ನೋಡಿ, "ಇನ್ನೊಂದೀಟು ಚಾಲೂ ಇರ್ಲಿ, ಅಣ್ಣಾ," ಅಂದಳು.

ಅಷ್ಟರಲ್ಲೇ ನನಗೆ ಅದು ಕೇಳಿಸಿತು. ಎಂಜಿನ್ನಿನ ಹೊಟ್ಟೆಯೊಳಗೆ ಯಾರೋ ಮರದ ಕೊಡತಿಯಿಂದ ಬಡಿದ ಹಾಗೆ, ಟಕ್, ಟಕ್. ನೀರು ಬೇರಿಂಗನ್ನು ತಿಂದಿತ್ತು. ಕಾದಷ್ಟೂ ಬಡಿತ ಹೆಚ್ಚುತ್ತಿತ್ತು. ತಕ್ಷಣ ಬಂದ್ ಮಾಡಿದರೆ ಬೇರಿಂಗ್ ಬದಲಿಸಿ ಉಳಿಸಿಕೊಳ್ಳಬಹುದಿತ್ತು. ನಡೆಯಲು ಬಿಟ್ಟರೆ ಎಂಜಿನ್ ಸತ್ತೇ ಹೋಗುವುದು. ಅಲ್ಲಿದ್ದ ನಾಲ್ವರಲ್ಲಿ ಅದು ನನಗೊಬ್ಬನಿಗೇ ಗೊತ್ತು. ಅವಳು ಮಡಗಾರ್ಡಿನ ಮೇಲೆ ಒಂದು ಕೈ ಇಟ್ಟು ಕಣ್ಣು ಮುಚ್ಚಿ ಕೇಳುತ್ತಿದ್ದಳು.

ಬಂದ್ ಮಾಡು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಟಕ್ ಟಕ್ ಸದ್ದು ದಡ ದಡ ಆಯಿತು. ಸುಟ್ಟ ಎಣ್ಣೆಯ ವಾಸನೆ ಎದ್ದಿತು. ಮಾಮಾನ ಕಣ್ಣು ನನ್ನ ಮೇಲೆಯೇ ಇತ್ತು. ಕೊನೆಗೆ ಒಳಗೆ ಕಬ್ಬಿಣ ಕಚ್ಚಿಕೊಂಡ ಒಂದು ಕಿರುಚು ಬಂದು, ಇಡೀ ಗಾಡಿ ಒಮ್ಮೆ ಜಗ್ಗಿ, ಎಲ್ಲ ನಿಂತುಹೋಯಿತು. ಹ್ಯಾಂಡಲ್ ಹಾಕಿ ಮೈಭಾರ ಬಿಟ್ಟು ನೋಡಿದೆ. ಕೂದಲೆಳೆಯಷ್ಟೂ ಅಲುಗಲಿಲ್ಲ.

ಮಾರುವವನಿಗೆ ಎಲ್ಲವನ್ನೂ ಹೇಳಿದೆ. ನೀರು ಇದ್ದದ್ದು, ಬಡಿತ ನನಗೆ ಕೇಳಿದ್ದು, ನಾನು ಸುಮ್ಮನಿದ್ದದ್ದು. ಅವನು ಬೈಯುತ್ತಾನೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. "ಹೋಗ್ಲಿ ಬಿಡ್ರಿ," ಅಂದನಷ್ಟೆ. ಅವಳು ತಂಬಿಗೆಯನ್ನು ನನ್ನ ಕೈಗೆ ಕೊಟ್ಟಳು. "ಬಿಸಲಾಗ ಬಂದೀರಿ, ಕುಡೀರಿ." ಕುಡಿದು ಖಾಲಿ ತಂಬಿಗೆಯನ್ನು ಅವಳ ಕೈಗೆ ಕೊಟ್ಟೆ.

ಬಸ್ಸಿಗೆ ಕಾಯುವಾಗ ಮಾಮಾ, "ಅದು ಕೆಡೂದು ನಿನಗ ಮೊದಲ ಗೊತ್ತಿತ್ತಲ್ಲೋ?" ಎಂದು ಕೇಳಿದ.

"ಹೂಂ."

"ನಾ ತಗೋತಿದ್ನಿ ಅದನ್ನ. ಅರ್ಧಾ ಕಿಮ್ಮತ್ತಿಗೆ ಕೊಡತಿದ್ದ ಅಂವ."

"ಅದಕ್ಕ ಸುಮ್ನಿದ್ನಿ. ಆಕಿ ಅಂಗಳದಾಗ ಇರ್ಲಿ ಅದು," ಅಂದೆ.

ಮಾಮಾ ಎರಡು ವರ್ಷ ಬಾಡಿಗೆ ಗಾಡಿಗಳಲ್ಲೇ ಸಂತೆ ಮಾಡಿದ. ಆಮೇಲೆ ಬೈಲಹೊಂಗಲದಲ್ಲಿ ಒಂದು ಗಾಡಿ ಕೊಂಡಾಗ ನನ್ನನ್ನು ಕರೆಯಲಿಲ್ಲ. ಬೇರೆಯವರು ಕರೆದರೆ ಹೋಗುತ್ತಿದ್ದೆ. ಬಾನೆಟ್ ಮುಟ್ಟುವ ಮೊದಲು, ಗಾಡಿ ಹೊಡೆಯುತ್ತಿದ್ದವರು ಯಾರು, ಈಗ ಎಲ್ಲಿದ್ದಾರೆ ಎಂದು ಕೇಳುತ್ತಿದ್ದೆ. ಹೆಚ್ಚಿನವರು ನಕ್ಕು ಉತ್ತರ ಕೊಡುತ್ತಿದ್ದರು. ಒಬ್ಬಿಬ್ಬರು ಉತ್ತರಕ್ಕೆ ಮೊದಲು ಮನೆಯ ಬಾಗಿಲ ಕಡೆ ನೋಡುತ್ತಿದ್ದರು. ಅಂಥಲ್ಲಿ ನಾನು ಚೀಲ ಬಿಚ್ಚದೆ ತಿರುಗಿ ಬರುತ್ತಿದ್ದೆ.