ಗುರುಸಿದ್ದಮ್ಮ ಮತ್ತು ನನ್ನ ಸೀಟಿ

ಮೂವತ್ತೊಂದು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು ನಾನು, ವೃಷಭೇಂದ್ರಪ್ಪ. ಸೀಟಿ ಊದಿದರೆ ಇನ್ನೂರು ಮಕ್ಕಳು ಒಟ್ಟಿಗೆ ಎಡಗಾಲು ಎತ್ತಬೇಕು. ಒಬ್ಬ ತಡವಾಗಿ ಎತ್ತಿದರೂ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಿವೃತ್ತಿಯಾದ ಮೇಲೂ ಆ ಚಾಳಿ ಬಿಡಲಿಲ್ಲ. ಬಿಟ್ಟಿದ್ದರೆ ಗುರುಸಿದ್ದಮ್ಮನ ವಿಷಯವನ್ನು ನಾನು ಹೀಗೆ ಬರೆಯಬೇಕಾಗಿರಲಿಲ್ಲ.

ಬಿ.ಪಿ. ಏರಿದೆ ಎಂದು ಡಾಕ್ಟರು ಹೆದರಿಸಿದಾಗ ಮೈಸೂರಿಗೆ ಹೋಗಿ ಹದಿನೈದು ದಿನ ತೈ ಚಿ ಕಲಿತೆ. ಚೀನಾದ ದಾವೋ ಪಂಥದ ನೆರಳಿನಲ್ಲಿ ಬೆಳೆದ ವಿದ್ಯೆ ಅದು. ಹೆಸರಿಗೆ ಕಾಳಗದ ಕಲೆ, ಆದರೆ ಎದುರಿಗೆ ಯಾರನ್ನೂ ಕೆಡವಬೇಕಾಗಿಲ್ಲ. ಉಸಿರು ಒಂದು ಹದಕ್ಕೆ ಬರಬೇಕು, ಮೈಭಾರ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಮೆಲ್ಲಗೆ ಸಾಗಬೇಕು. ವಯಸ್ಸಾದವರು ಜೋಲಿ ತಪ್ಪದಂತೆ ನಿಲ್ಲಲು ಇದು ಒಳ್ಳೆಯದು ಎಂದು ನನ್ನ ಗುರುಗಳು ಹೇಳಿದ್ದರು. ಊರಿಗೆ ಬಂದವನೇ ಮಾಂಬಳ್ಳಿಯ ಶಾಲಾ ಮೈದಾನದಲ್ಲಿ ಬೆಳಿಗ್ಗೆ ಆರಕ್ಕೆ ಕ್ಲಾಸು ಶುರುಮಾಡಿಬಿಟ್ಟೆ. ಹದಿನೈದು ದಿನದ ವಿದ್ಯೆಗೆ ಮೂವತ್ತೊಂದು ವರ್ಷದ ಸೀಟಿಯನ್ನು ಸೇರಿಸಿದೆ. ಒಂದರಿಂದ ಎಂಟು ಎಣಿಸುವುದು, ಎಂಟಕ್ಕೆ ಎಲ್ಲರ ಕೈಯೂ ಕೆಳಗಿಳಿಯಬೇಕು.

ಗುರುಸಿದ್ದಮ್ಮ ಬಂದದ್ದು ಎರಡನೆಯ ವಾರ. ಅರವತ್ತಾರು ವರ್ಷ, ಕಡ್ಡಿಯಂಥ ಮೈ. ಹದಿನಾಲ್ಕನೆಯ ವಯಸ್ಸಿನಿಂದ ರೇಷ್ಮೆ ನೂಲು ಬಿಚ್ಚಿದವರು. ಕುದಿಯುವ ನೀರಿನ ತೊಟ್ಟಿಯಲ್ಲಿ ಗೂಡು ಅದ್ದಿ ಎಳೆ ಹುಡುಕಿ ಹುಡುಕಿ ಬೆರಳ ತುದಿಗಳು ಬೆಳ್ಳಗೆ ನೆರಿಗೆಗಟ್ಟಿದ್ದವು. ಹಿಂದಿನ ವರ್ಷ ಬಚ್ಚಲಲ್ಲಿ ಬಿದ್ದಿದ್ದರಂತೆ.

"ಇನ್ನೊಂದ್ಸತಿ ಬಿದ್ರೆ ಆಸ್ಗೆನೇ ಗತಿ ಅಂದವ್ರೆ ಡಾಕ್ಟ್ರು. ನನ್ ಕಾಲ್ ಮ್ಯಾಲೆ ನಾನ್ ಓಡಾಡ್ಕಂಡಿರ್ಬೇಕು ಸಾ, ಅಷ್ಟೇಯ" ಎಂದರು.

ಸೇರಿಸಿಕೊಂಡೆ. ಆದರೆ ಆಯಮ್ಮ ನನ್ನ ಎಣಿಕೆಗೆ ಸಿಕ್ಕಲೇ ಇಲ್ಲ. ಉಳಿದವರು ಎಂಟಕ್ಕೆ ಮುಗಿಸಿದರೆ ಅವರದು ಹತ್ತಕ್ಕೋ ಹನ್ನೊಂದಕ್ಕೋ. ಒಂದು ಚಲನೆ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂಬುದೇ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿ ನಿಲ್ಲುತ್ತಿದ್ದ ಮಾದಣ್ಣ ರಿಟೈರಾದ ಬಸ್ ಕಂಡಕ್ಟರು. ಸುಮ್ಮನಿರುತ್ತಾನೆಯೇ?

"ರೈಟ್ ರೈಟ್ ಅಂದ್ರೂ ಒರಡ್ತಾನೇ ಇಲ್ವಲ್ಲಕ್ಕ ನಿಮ್ ಬಸ್ಸು" ಎಂದ.

"ನಮ್ದು ಇಂಗೇ ಕಣಣ್ಣ. ನೀನ್ ಮುಂದ್ಕೋಗು" ಎಂದರು ಗುರುಸಿದ್ದಮ್ಮ.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಯಾಕಮ್ಮ ಹೀಗೆ ಎಂದು ಕೇಳಿದೆ. "ಬಿರ್ರನೆ ಎಳುದ್ರೆ ಕಿತ್ತೋಯ್ತದೆ ಅನ್ನುಸ್ತದೆ ಸಾ" ಎಂದರು. ಏನು ಕಿತ್ತುಹೋಗುತ್ತದೆ ಎಂದರೆ ನೆರಿಗೆಗಟ್ಟಿದ ಬೆರಳುಗಳನ್ನು ನೋಡಿಕೊಂಡರು. ಇಲ್ಲಿ ಯಾರೂ ಏನನ್ನೂ ಎಳೆಯುತ್ತಿಲ್ಲ, ಎಣಿಕೆಗೆ ಸರಿಯಾಗಿ ಮಾಡಿ ಎಂದು ಗದರಿದೆ.

ಆಗಸ್ಟ್ ಹದಿನೈದಕ್ಕೆ ಯಳಂದೂರಿನಲ್ಲಿ ನಮ್ಮ ತಂಡದ ಪ್ರದರ್ಶನವಿತ್ತು. ತಹಸೀಲ್ದಾರರು ಬರುವವರಿದ್ದರು. ಎರಡು ವಾರ ಮೊದಲು ಅಭ್ಯಾಸದಲ್ಲಿ ಹನ್ನೊಂದು ಜನರ ಕೈ ಕೆಳಗಿದ್ದರೆ ಇವರೊಬ್ಬರದು ಇನ್ನೂ ಎದೆಯ ಮಟ್ಟದಲ್ಲಿ ತೇಲುತ್ತಿತ್ತು. ನನ್ನ ಪಿತ್ತ ನೆತ್ತಿಗೇರಿತು. ಸೀಟಿ ಊದಿ ಎಲ್ಲರನ್ನೂ ನಿಲ್ಲಿಸಿದೆ.

"ಗುರುಸಿದ್ದಮ್ಮ, ಆಚೆ ಬನ್ನಿ. ನಿಮ್ಮೊಬ್ಬರಿಂದ ಸಾಲೆಲ್ಲ ಕೆಡ್ತಿದೆ. ಮನೇಲಿ ಎಣಿಸಿಕೊಂಡು ಅಭ್ಯಾಸ ಮಾಡಿ, ಸರಿಹೋದ ಮೇಲೆ ಬನ್ನಿ."

"ಆಗ್ಲಿ ಸಾ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಮಾದಣ್ಣ ಕೂಡ ಅವತ್ತು ತಮಾಷೆ ಮಾಡಲಿಲ್ಲ.

ಪ್ರದರ್ಶನಕ್ಕೆ ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು, ಪೇಪರಿನಲ್ಲಿ ಫೋಟೋ ಬಂತು. ಆ ಗುಂಗಿನಲ್ಲಿ, ಆಯಮ್ಮ ಮತ್ತೆ ಯಾಕೆ ಬರಲಿಲ್ಲ ಎಂದು ಒಂದು ದಿನವೂ ವಿಚಾರಿಸಲಿಲ್ಲ. ಮನೆ ಎಷ್ಟು ದೂರ? ನಾಲ್ಕು ಬೀದಿ. ಈಗ ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಸೆಪ್ಟೆಂಬರಿನ ಕೊನೆಗೆ ಮೈಸೂರಿನ ನನ್ನ ಗುರುಗಳು ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟವರು ದಾರಿಯಲ್ಲಿ ನಮ್ಮ ಕ್ಲಾಸಿಗೆ ಬಂದರು. ನಾನು ಹುರುಪಿನಿಂದ ಸೀಟಿ ಊದಿ ತೋರಿಸಿದೆ. ಅವರು ಎರಡು ನಿಮಿಷ ನೋಡಿ ಕೈ ಚಾಚಿ ಸೀಟಿ ಇಸಿದುಕೊಂಡರು.

"ಇದೇನ್ರೀ, ತೈ ಚಿಗೆ ಕವಾಯತು ಮಾಡಿಸ್ತಿದ್ದೀರಿ? ರೇಷ್ಮೆ ಊರಲ್ಲಿದ್ದೀರಿ, ನೂಲು ಬಿಚ್ಚೋರ ಕೈ ಒಂದು ದಿನ ನೋಡಿಲ್ವಾ? ಚೀನಾದಲ್ಲಿ ಗೂಡಿನಿಂದ ಎಳೆ ತೆಗೆದ ಹಾಗೆ ಮಾಡಿ ಅಂತಲೇ ಕಲಿಸೋದು. ಜಗ್ಗಬಾರದು, ನಿಲ್ಲಿಸಲೂಬಾರದು."

ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಗುರುಗಳನ್ನು ಬಸ್ಸು ಹತ್ತಿಸಿ ನೇರವಾಗಿ ಗುರುಸಿದ್ದಮ್ಮನ ಮನೆಗೆ ನಡೆದೆ. ಕೈಮುಗಿದು ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲಿ ನಿಲ್ಲಿಸುವುದು, ಅವರನ್ನು ನೋಡಿ ನಾವೆಲ್ಲ ಮಾಡುವುದು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ.

ಸೊಸೆ ಯಶೋದ ಬಾಗಿಲಲ್ಲೇ ನಿಂತಳು. ಒಳಗೆ ಮಂಚದ ಮೇಲೆ ಗುರುಸಿದ್ದಮ್ಮ ಮಲಗಿದ್ದರು. ಸೊಂಟದ ಮೂಳೆ ಮುರಿದು ತಿಂಗಳಾಗಿತ್ತು. ಆಪರೇಷನ್ ಆಗಿದೆ, ಆದರೆ ಮೊದಲಿನಂತೆ ನಡೆಯುವುದು ಕನಸೇ ಎಂದಿದ್ದರಂತೆ ಡಾಕ್ಟರು.

"ಇತ್ತಲಲ್ಲಿ ದಿನಾ ಒಂದು ಎರಡು ಅಂತ ಜೋರಾಗಿ ಎಣುಸ್ಕಂಡು ಮಾಡೋರು ಸಾ" ಎಂದಳು ಯಶೋದ ಮೆಲ್ಲಗೆ. "ಬ್ಯಾಡ ಕಣತ್ತೆ, ಇಷ್ಟು ಬಿರ್ರನೆ ತಿರುಗ್ಬ್ಯಾಡಿ ಅಂದ್ರೆ, ಮೇಷ್ಟ್ರು ಸೇರುಸ್ಕಬೇಕಲ್ಲವ್ವ ಅನ್ನೋರು. ಅವತ್ತು ಆರು ಅಂದ್ರು, ಏಳಕ್ಕೆ ಕಾಲ್ ತಿರುಗ್ಸಕ್ಕೋಗಿ ಬಿದ್ಬುಟ್ರು."

ನಾನು ಒಳಗೆ ಹೋಗಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತೆ. ಗುರುಸಿದ್ದಮ್ಮ ನನ್ನನ್ನು ಕಂಡು ಎದ್ದು ಕೂರಲು ನೋಡಿದರು, ಆಗಲಿಲ್ಲ.

"ಏಳಕ್ಕೆ ಎಡಗಾಲೋ ಬಲಗಾಲೋ ಸಾ? ನಂಗೆ ಅಲ್ಲೇ ತಪ್ತಿತ್ತು" ಎಂದು ಕೇಳಿದರು.

ಯಾವುದೋ ಒಂದು ಕಾಲು ಹೇಳಿ ಎದ್ದು ಬರಬಹುದಿತ್ತು. ಬಾಯಿ ಒಪ್ಪಲಿಲ್ಲ.

"ನಿಮ್ಮದು ತಪ್ಪೇ ಇರಲಿಲ್ಲಮ್ಮ. ನೀವು ಮೊದಲು ಮಾಡ್ತಿದ್ದದ್ದೇ ಸರಿ. ಗೊತ್ತಿಲ್ಲದೆ ಹಾಳುಮಾಡಿದವನು ನಾನು" ಎಂದೆ.

ಅವರ ಮುಖದಲ್ಲಿ ಕೋಪವೇನೂ ಕಾಣಲಿಲ್ಲ.

"ಅದ್ನ ಆವತ್ತೇ ಯೇಳಿದ್ರೆ ನಾನ್ಯಾಕ್ ಎಣುಸ್ತಿದ್ದೆ ಸಾ" ಎಂದು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಯಶೋದ ಕಾಫಿ ತಂದು ಕೈಗಿಟ್ಟಳು. ಕುಡಿಯದೆ ಎದ್ದು ಬರುವಷ್ಟು ಧೈರ್ಯವೂ ನನಗಿರಲಿಲ್ಲ.