ಮಾಸ್ಟ್ರು ಓದಿದ ಕಾಗದ

ಮೊನ್ನೆ ಮಂಗಳೂರಿನ ಹಳೆ ಪುಸ್ತಕದ ಅಂಗಡಿಯಲ್ಲಿ ದಪ್ಪ ರಟ್ಟಿನ ಒಂದು ರಷ್ಯನ್ ಕಾದಂಬರಿ ಕೈಗೆ ಸಿಕ್ಕಿತು. ಮಾಸ್ಕೋದಲ್ಲೇ ಅಚ್ಚಾದ ಕನ್ನಡ ಪುಸ್ತಕ. ತೆರೆದಾಗ ಅಂಟು, ಸೀಮೆಎಣ್ಣೆ ಬೆರೆತಂಥ ಆ ವಾಸನೆ... ನಮ್ಮೂರು ಬೆಳ್ಳೂರಿನ ವಾಚನಾಲಯವೂ ಮಾಸ್ಟ್ರೂ ನೆನಪಾದರು.

ಶಾಲೆಯಿಂದ ನಿವೃತ್ತರಾದ ಮೇಲೆ ವಾಚನಾಲಯವನ್ನು ಅವರೇ ನೋಡಿಕೊಳ್ಳುತ್ತಿದ್ದರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಕಮ್ಯುನಿಸ್ಟ್ ಪಕ್ಷದ ಕೆಲಸ ಮತ್ತು ಒಂದು ಕಪಾಟು ರಷ್ಯನ್ ಪುಸ್ತಕ, ಇಷ್ಟೇ ಅವರ ಸಂಸಾರ. ಹಿಮದಲ್ಲಿ ಹಸಿದು ಕೂತ ಸೈನಿಕರು, ಶತ್ರುಗಳು ಸುತ್ತುಗಟ್ಟಿದ ಊರುಗಳು... ತಾವೇ ಕಂಡವರ ಹಾಗೆ ನನ್ನ ಅಣ್ಣನಿಗೆ ಹೇಳುತ್ತಿದ್ದರು.

"ಯುದ್ಧ ಕೆಟ್ಟದ್ದೇ ಮಾರಾಯ. ಆದ್ರೆ ಅದು ಬಂದಾಗ ತಾನು ಯಾರ ಪರ ಅಂತ ಮನುಷ್ಯ ಹೇಳ್ಲೇಬೇಕು."

ಅಣ್ಣ ಸೈನ್ಯಕ್ಕೆ ಸೇರಿದ. ಅವನಿಗೆ ಕೆಲಸ ಬೇಕಿತ್ತು, ಅದೂ ನಿಜ. ಅಮ್ಮ ಮಾತ್ರ ಮಾಸ್ಟ್ರ ಕಪಾಟನ್ನೇ ದೂರಿದಳು. ಎಂಬತ್ತೇಳರಲ್ಲಿ ಅವನನ್ನು ಶಾಂತಿಪಾಲನಾ ಪಡೆಯ ಜೊತೆ ಶ್ರೀಲಂಕಾಕ್ಕೆ ಕಳಿಸಿದರು. ಮನೆಗೆ ಬರೆದ ಕಾಗದಗಳಲ್ಲಿ ಊಟ, ಸೆಕೆ, ಸೊಳ್ಳೆ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಮರುವರ್ಷ ನೆಲಬಾಂಬು ಸಿಡಿದು ಸತ್ತ. ದೇಹ ಊರಿಗೆ ಬರಲಿಲ್ಲ, ಅವನ ಟ್ರಂಕು ಬಂತು.

ವಾಚನಾಲಯದಲ್ಲಿ ಸಂತಾಪ ಸಭೆ ಇಟ್ಟರು. ಅದರ ಹಿಂದಿನ ದಿನ ಮಾಸ್ಟ್ರು ನಮ್ಮ ಮನೆಗೆ ಬಂದು ಮೆಟ್ಟಿಲಲ್ಲೇ ನಿಂತರು. ಅಮ್ಮ ಕೂತುಕೊಳ್ಳಿ ಎನ್ನಲಿಲ್ಲ.

"ಅವ ನನಗೆ ಬರ್ದ ಒಂದು ಕಾಗದ ಉಂಟು. ನಾಳೆ ಓದ್ಬೇಕು ಅಂತ ಇದ್ದೇನೆ. ನೀವು ಬೇಡ ಅಂದ್ರೆ ಓದುದಿಲ್ಲ."

"ಎಂತ ಬರ್ದಿದ್ದಾನೆ?"

ಮಾಸ್ಟ್ರು ನಿಂತಲ್ಲೇ ಓದಿ ಹೇಳಿದರು. ಅಮ್ಮ ಅದನ್ನು ಇನ್ನೊಮ್ಮೆ ಓದಿಸಿದಳು.

"ಓದಿ," ಎಂದಳು. "ನನ್ನ ಮಗ ಹೇಳಿದ್ದನ್ನು ಜನ ಕೇಳ್ಲಿ."

ಸಭೆಯಲ್ಲಿ ಎಲ್ಲರೂ ಅಣ್ಣನನ್ನು ವೀರ ಎಂದು ಹೊಗಳಿದರು. ಕೊನೆಗೆ ಎದ್ದ ಮಾಸ್ಟ್ರು ಭಾಷಣ ಮಾಡಲಿಲ್ಲ, ಕಾಗದ ಬಿಡಿಸಿದರು.

"ಮಾಸ್ಟ್ರೇ, ನಿನ್ನೆ ಒಂದು ಮನೆ ತಪಾಸಣೆಗೆ ಹೋದೆವು. ಒಳಗೆ ಯಾರೂ ಇಲ್ಲ. ಬಡಿಸಿದ ಅನ್ನ ಹಾಗೇ ಇತ್ತು. ಕಪಾಟಿನಲ್ಲಿ ನಿಮ್ಮದೇ ರಷ್ಯನ್ ಪುಸ್ತಕಗಳು, ತಮಿಳಿನಲ್ಲಿ. ನನಗೆ ಅಕ್ಷರ ಗೊತ್ತಾಗಲಿಲ್ಲ, ಚಿತ್ರ ಗೊತ್ತಾಯಿತು. ಪರದೇಶದ ಸೈನಿಕ ಬಂದೂಕು ಹಿಡಿದು ಬಾಗಿಲಲ್ಲಿ ನಿಂತ ಚಿತ್ರ ಉಂಟಲ್ಲ, ಅದೇ. ಆ ಮನೆಯವರಿಗೆ ಈಗ ನಾನು ಯಾರು? ಯಾರ ಪರ ಅಂತ ಹೇಳ್ಲೇಬೇಕು ಅಂದಿದ್ರಿ. ನನಗೆ ಹೇಳಲಿಕ್ಕೆ ಆಗ್ತಾ ಇಲ್ಲ."

ಹಿಂದಿನಿಂದ ಒಬ್ಬರು, "ಸತ್ತವನ ಮರ್ಯಾದೆ ತೆಗೀಲಿಕ್ಕೆ ಬಂದದ್ದಾ ನೀವು?" ಎಂದರು. ಅನೇಕರು ಎದ್ದು ಹೋದರು. ಪಕ್ಷದ ಗೆಳೆಯರಿಗೂ ಅದು ಸರಿ ಕಾಣಲಿಲ್ಲ. ವಾರದೊಳಗೆ ಸಮಿತಿಯವರು ವಾಚನಾಲಯದ ಬೀಗದ ಕೈ ಕೇಳಿದರು. ಮಾಸ್ಟ್ರು ಅಲ್ಲೇ ತೆಗೆದು ಕೊಟ್ಟರು.

ಮತ್ತೆ ಅವರು ಪೇಟೆಗೆ ಬಂದದ್ದೇ ಅಪರೂಪ. ಸೋವಿಯತ್ ದೇಶವೇ ಇಲ್ಲವಾಯಿತೆಂದು ರೇಡಿಯೋದಲ್ಲಿ ಬಂದ ಮರುದಿನ ಅಮ್ಮನೇ ನನ್ನನ್ನು ಅವರ ಮನೆಗೆ ಕಳಿಸಿದಳು. ಜ್ವರದಲ್ಲಿ ಮಲಗಿದ್ದರು.

"ಅದು ಹೋದದ್ದಕ್ಕೆ ಅಳು ಬರ್ಲಿಲ್ಲ ಮಗಾ," ಎಂದರು. "ನಿನ್ನ ಅಣ್ಣನಿಗೆ ಮೂರು ಸಲ ಉತ್ತರ ಬರ್ದೆ. ಮೂರು ಸಲವೂ ಪುಸ್ತಕದ ಮಾತೇ ಬಂತು. ಹರಿದು ಹಾಕಿದೆ. ಅಷ್ಟರಲ್ಲಿ ಅವನೇ..."

ಎರಡು ವರ್ಷದ ಮೇಲೆ ತೀರಿಕೊಂಡರು. ಮದುವೆಯಾಗಿ ಮಂಗಳೂರಿನಲ್ಲಿದ್ದ ನನಗೆ ಸುದ್ದಿ ತಲುಪುವಾಗ ಹದಿನೈದು ದಿನ ಕಳೆದಿತ್ತು.

ಈಗ ವಾಚನಾಲಯಕ್ಕೆ ಹೊಸ ಕಟ್ಟಡ ಆಗಿದೆ. ಗೋಡೆಯಲ್ಲಿ ಅಣ್ಣನ ಫೋಟೋ ಉಂಟು, ಕೆಳಗೆ 'ವೀರಯೋಧ' ಎಂದು ಬರೆದಿದ್ದಾರೆ. ಪಕ್ಕದಲ್ಲಿ ಮಾಸ್ಟ್ರದ್ದೂ ಒಂದು ಹಾಕಿ ಎಂದು ಕಳೆದ ವರ್ಷ ಕೇಳಿದೆ. ಈಗಿನ ಕಾರ್ಯದರ್ಶಿ ಸಣ್ಣ ಪ್ರಾಯದವ, ಮರ್ಯಾದಸ್ಥ.

"ಯಾವ ಮಾಸ್ಟ್ರು ಅಕ್ಕಾ? ಫೋಟೋ ಉಂಟಾದ್ರೆ ಕೊಡಿ, ಹಾಕುವ," ಎಂದ.

ನನ್ನ ಹತ್ತಿರ ಇರಲಿಲ್ಲ. ಯಾರ ಹತ್ತಿರವೂ ಇಲ್ಲ.