ಪುಸ್ತಕದಲ್ಲಿಲ್ಲದ ಹೋಳಿಗೆ ಊಟ

ನಮ್ಮ ಓದುಗರ ಬಳಗಕ್ಕೆ ಆ ಕಾದಂಬರಿಯನ್ನು ಸೂಚಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸ್ವಲ್ಪ ಹಗುರಾಗುತ್ತದೆ.

ಬಳಗ ಅಂದರೆ ದೊಡ್ಡದೇನಲ್ಲ. ತಿಂಗಳಿಗೊಂದು ಭಾನುವಾರ ವಾಡಿಯಲ್ಲಿ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರ ಮನೆಯ ಪಡಸಾಲೆಯಲ್ಲಿ ಸೇರುತ್ತೇವೆ. ವಾಡಿ ಎಲ್ಲರಿಗೂ ನಡುವೆ ಬೀಳುತ್ತದೆ. ಶಹಾಬಾದಿನ ವಕೀಲೆ ಆ ಕಡೆಯಿಂದ ಬರುತ್ತಾರೆ, ನಾನು ಸೇಡಂನಲ್ಲಿ ರೈಲು ಹತ್ತಿ ಚಿತ್ತಾಪುರ ದಾಟಿ ಈ ಕಡೆಯಿಂದ ಬರುತ್ತೇನೆ. ಚಿಂಚೋಳಿಯ ದನದ ಡಾಕ್ಟರು ಸೇಡಂವರೆಗೆ ಮೋಟಾರ್ ಸೈಕಲ್ ಮೇಲೆ ಬಂದು, ಅದನ್ನು ನಮ್ಮ ಮನೆಯ ಮುಂದೆ ನಿಲ್ಲಿಸಿ, ನನ್ನ ಜೊತೆ ಸ್ಟೇಷನ್ನಿಗೆ ಹೊರಡುತ್ತಾರೆ. ಗಾರ್ಡ್ ಸಾಹೇಬರು ಸಭೆಯನ್ನು ಗಾಡಿಯಂತೆಯೇ ಓಡಿಸುತ್ತಾರೆ. ಯಾರಾದರೂ ವಿಷಯ ಬಿಟ್ಟು ಸೊಸೆಯ ಬಾಣಂತನಕ್ಕೋ ಊರಿನ ಸಿಮೆಂಟ್ ಕಾರ್ಖಾನೆಯ ಧೂಳಿಗೋ ಹೋದರೆ ಕೈ ಎತ್ತಿ ನಿಲ್ಲಿಸಿಬಿಡುತ್ತಾರೆ. ಅವರ ಹೆಂಡತಿ ಬಿಸಿಬಿಸಿ ಮಿರ್ಚಿ ಭಜಿ ತಂದಿಟ್ಟು, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಕೇಳುತ್ತಾರೆ.

ನಾನು ಹೈಸ್ಕೂಲಿನ ಕನ್ನಡ ಟೀಚರ್. ಹಾಗಾಗಿ ಸಾಹಿತ್ಯದ ವಿಷಯದಲ್ಲಿ ಕಡೆಯ ಮಾತು ನನ್ನದು ಎಂದು ಬಳಗದಲ್ಲಿ ಒಬ್ಬರು ನಂಬಿದ್ದರು. ಆ ಒಬ್ಬರು ನಾನು. ಈಗಿನ ಕಾದಂಬರಿಗಳಲ್ಲಿ ಎರಡು ಕಾಲಗಳು ಅಕ್ಕಪಕ್ಕ ನಡೆಯುತ್ತವೆ, ಒಂದು ಅಧ್ಯಾಯ ಅಂದಿನದು, ಒಂದು ಇಂದಿನದು, ಅಂಥದ್ದನ್ನು ನಾವು ಓದದಿದ್ದರೆ ಹಿಂದುಳಿದಂತೆ ಎಂದು ವಾಟ್ಸಾಪಿನಲ್ಲಿ ಉದ್ದಕ್ಕೆ ಬರೆದು, ಒಂದು ಕಾದಂಬರಿಯ ಹೆಸರು ಹಾಕಿದೆ. ಡಾಕ್ಟರು ಎಲ್ಲರಿಗೂ ಸೇರಿಸಿ ಒಂದೇ ಪಾರ್ಸೆಲ್ಲಿನಲ್ಲಿ ಪ್ರತಿಗಳನ್ನು ತರಿಸಿದರು.

ಕಥೆ ಒಂದು ಹಳೆಯ ಮೆಟ್ಟಿಲು ಬಾವಿಯದು. ಅಂದಿನ ಅಧ್ಯಾಯಗಳಲ್ಲಿ ನಿಜಾಮರ ಕಾಲದ ಜಾಗೀರುದಾರನೊಬ್ಬನ ವಿಧವೆ, ಮೈದುನರ ಮಾತು ಮೀರಿ ಊರಿಗಾಗಿ ಆ ಬಾವಿ ತೋಡಿಸುತ್ತಾಳೆ. ಇಂದಿನ ಅಧ್ಯಾಯಗಳಲ್ಲಿ, ಹೂಳು ತುಂಬಿದ ಅದೇ ಬಾವಿಯನ್ನು ಸರಿಪಡಿಸಲು ಒಬ್ಬ ಎಂಜಿನಿಯರ್ ಹುಡುಗಿ ಬರುತ್ತಾಳೆ. ಆ ಊರಿನ ಶಾಲೆಯ ಮಾಸ್ತರನೊಬ್ಬ ಅವಳಿಗೆ ನೆರವಾಗುತ್ತಾನೆ.

ವಿಧವೆಗೆ ನಾನು ಮನಸೋತೆ. ಹುಡುಗಿಯ ಅಧ್ಯಾಯ ಬಂದಾಗಲೆಲ್ಲ ರಸ್ತೆಯಲ್ಲಿ ಹಂಪು ಬಂದಂತಾಗುತ್ತಿತ್ತು. ಅದರ ಮೇಲೆ ಪರೀಕ್ಷೆಯ ಪೇಪರ್ ತಿದ್ದುವ ದಿನಗಳು ಬೇರೆ. ಅಂದಿನದಷ್ಟೇ ಓದೋಣ, ಇಂದಿನದು ಹೇಗೂ ಇಂದಿನದೇ ತಾನೇ, ಊಹಿಸಿಕೊಂಡರಾಯಿತು ಎಂದು ನಿರ್ಧರಿಸಿದೆ. ಪೂರ್ತಿ ಓದದೆ ಉತ್ತರ ಬರೆಯಬೇಡಿ ಎಂದು ಮಕ್ಕಳಿಗೆ ವರ್ಷವಿಡೀ ಹೇಳುವ ಟೀಚರ್ ಕೈಗೊಂಡ ನಿರ್ಧಾರವಿದು.

ಆದರೆ ನಮ್ಮ ಮನೆಯಲ್ಲಿ ಆ ಪುಸ್ತಕಕ್ಕೆ ಇನ್ನೊಬ್ಬ ಓದುಗರಿದ್ದರು, ನನ್ನ ಅತ್ತೆ. ನಾನು ಶಾಲೆಗೆ ಹೋದ ಮೇಲೆ, ಕರೆಂಟು ಹೋಗಿ ಟಿವಿ ನಿಂತಾಗ, ಕನ್ನಡಕ ಏರಿಸಿಕೊಂಡು ಅದನ್ನು ಹಿಡಿಯುತ್ತಿದ್ದರು. ಅವರು ಓದುತ್ತಿದ್ದದ್ದು ಹುಡುಗಿಯ ಅಧ್ಯಾಯಗಳನ್ನು ಮಾತ್ರ.

"ಅತ್ತಿ, ಹಳೇ ಕಾಲದ್ದೂ ಓದ್ರಿ. ಖರೇ ಕಾದಂಬರಿ ಅಲ್ಲೇ ಅದ," ಎಂದು ಒಂದು ದಿನ ತಿಳಿಹೇಳಿದೆ.

"ಹುಜೂರ್, ಜಾಗೀರು, ಘೋಡಾ, ತಲವಾರ್... ನಮ್ಮ ಮಾವ ಇರೋತನಕಾ ದಿನಾ ಇದೇ ಕೇಳೀನಿ. ಮತ್ತ ಕಣ್ಣು ಹಾಳು ಮಾಡ್ಕೊಂಡು ಅದನ್ನೇ ಓದ್ಲೇನು? ಈ ಹುಡುಗಿ ಭಾಳ ಶಾಣ್ಯಾ ಅದಾಳ ನೋಡು. ನನಗ ಈಕಿದೇ ಚಿಂತಿ."

ಹೀಗೆ ಒಂದೇ ಪುಸ್ತಕದಲ್ಲಿ ಅತ್ತೆ ಒಂದು ಕಾಲದಲ್ಲಿ, ಸೊಸೆ ಇನ್ನೊಂದು ಕಾಲದಲ್ಲಿ ಇದ್ದೆವು. ಸಭೆಯ ಹಿಂದಿನ ದಿನ ನನಗೆ ಸ್ವಲ್ಪ ಅಳುಕಾಯಿತು. ಇಂದಿನ ಭಾಗದ ಬಗ್ಗೆ ಯಾರಾದರೂ ಕೇಳಿದರೆ? ಅತ್ತೆ ಕಟ್ಟೆಯ ಮೇಲೆ ಕುಳಿತು ತೊಗರಿ ಬೇಳೆ ಹಸನು ಮಾಡುತ್ತಿದ್ದರು. ಹೋಗಿ ಪಕ್ಕದಲ್ಲಿ ಕುಳಿತೆ.

"ಅತ್ತಿ, ಆ ಹುಡುಗಿದು ಕಡೀಕ ಏನಾಯ್ತ್ರಿ?"

ಅವರು ಮೊರದಿಂದ ಕಣ್ಣೆತ್ತಲಿಲ್ಲ. "ಏನಾಗ್ತದ? ಮದುವಿ ಆಯ್ತು."

"ಮಾಸ್ತರ್ ಜೋಡಿನೇ?"

"ಮತ್ಯಾರ ಜೋಡಿ? ಬಾವಿ ಮುಂದನೇ ಹಂದರ ಹಾಕಿದ್ರು. ಊರಿಗೆಲ್ಲಾ ಹೋಳಗಿ ಊಟ. ಹುಡುಗಿ ಅಪ್ಪ ಮೊದಲ ಒಲ್ಲೆ ಅಂದಿದ್ದ. ಆಮ್ಯಾಲ ತಾನೇ ನಿಂತು ಎಲ್ಲಾರ್ಗೂ ತುಪ್ಪ ಬಡ್ಸಿದ."

ಇಷ್ಟು ಸಾಕಾಗಿತ್ತು. ಬರೆದುಕೊಳ್ಳುವ ಅಗತ್ಯವೂ ಬೀಳಲಿಲ್ಲ.

ಮರುದಿನ ರೈಲಿನಲ್ಲಿ ಡಾಕ್ಟರು ಪುಸ್ತಕದ ಮಾತು ತೆಗೆದರು. "ಮೇಡಮ್, ಆ ಹುಡುಗಿ ಕಡೀ ಅಧ್ಯಾಯದಾಗ..." ಎಂದರೋ ಇಲ್ಲವೋ, ನಾನು ಕೈ ಅಡ್ಡ ಹಿಡಿದೆ. "ಈಗ ಬ್ಯಾಡ್ರಿ ಡಾಕ್ಟ್ರೇ. ಸಭಾದಾಗ ಎಲ್ಲಾರ ಮುಂದ ಹೇಳ್ರಿ. ಇಲ್ಲೇ ಹೇಳಿದ್ರ ರುಚಿ ಹೋಗ್ತದ." ಪಾಪ, ಅವರು ನನ್ನ ಶಿಸ್ತಿಗೆ ತಲೆದೂಗಿ ಕಿಟಕಿಯ ಕಡೆ ತಿರುಗಿದರು. ಆ ಮನುಷ್ಯನನ್ನು ಮಾತಾಡಲು ಬಿಟ್ಟಿದ್ದರೆ ನನ್ನ ಮಾನ ಚಿತ್ತಾಪುರದ ಹೊತ್ತಿಗೇ ಉಳಿಯುತ್ತಿತ್ತು.

ಸಭೆಯಲ್ಲಿ ಗಾರ್ಡ್ ಸಾಹೇಬರು, "ಪುಸ್ತಕ ಹೇಳಿದವರು ಅಕ್ಕೋರು. ಮೊದಲ ಅವರೇ ಸುರು ಮಾಡ್ಲಿ," ಎಂದರು. ನಾನು ಸೆರಗು ಸರಿಮಾಡಿಕೊಂಡೆ. ಸಭೆಯಲ್ಲಿ ಗ್ರಂಥದ ಕನ್ನಡವನ್ನೇ ಆಡಬೇಕೆಂಬುದು ನನ್ನ ನಂಬಿಕೆ.

"ಜಾಗೀರುದಾರನ ವಿಧವೆ ಬೆಳಗಿನ ಜಾವ ಕುದುರೆಯೇರಿ ಊರು ಬಿಡುತ್ತಾಳೆ. ಮುಂದೆ ಅವಳೇನಾದಳು? ಲೇಖಕರು ಒಂದು ಮಾತನ್ನೂ ಹೇಳುವುದಿಲ್ಲ. ಆ ಮೌನವೇ ಈ ಕಾದಂಬರಿಯ ಶಿಖರ."

ಡಾಕ್ಟರ ಕೈಯಲ್ಲಿದ್ದ ಭಜಿ ಬಾಯಿಗೆ ಹೋಗದೆ ನಡುವೆಯೇ ನಿಂತಿತು. "ಮೇಡಮ್, ಆಕಿ ಸಂತ್ಯಾಗ ಮಜ್ಜಿಗಿ ಮಾರ್ಕೋತ ಮುದುಕಿ ಆಗ್ತಾಳಲ್ರಿ? ಬಾಜೂ ಊರಿನ ಅಜ್ಜ ಆ ಎಂಜಿನಿಯರ್ ಹುಡುಗಿಗೆ ಎಲ್ಲಾ ಹೇಳ್ತಾನಲ್ರಿ?"

ಬೆವರು ಬಂತು. ಆದರೂ ಪಾಠ ಮಾಡಿದ ನಾಲಿಗೆ ಅಷ್ಟು ಬೇಗ ಸೋಲುವುದಿಲ್ಲ. "ಅದು ಇಂದಿನ ಭಾಗದ ಮಾತಾಯಿತು. ನಾನು ಹೇಳಿದ್ದು ಅಂದಿನ ಭಾಗದ ಮೌನದ ಬಗ್ಗೆ," ಎಂದೆ. ವಕೀಲೆ, ಇರಬಹುದು ಎಂಬಂತೆ ತಲೆಯಾಡಿಸಿದರು. ಬುದ್ಧಿಯಿದ್ದವರು ಅಲ್ಲಿಗೆ ನಿಲ್ಲಿಸಿ ಭಜಿ ತಿನ್ನುತ್ತಿದ್ದರು. ನಾನು ಮುಂದುವರಿದೆ.

"ಇಂದಿನ ಭಾಗ ಆ ಮೌನಕ್ಕೆ ಕೊಟ್ಟ ಉತ್ತರ. ವಿಧವೆ ಒಂಟಿಯಾಗಿ ಬಿಟ್ಟುಹೋದ ಬಾವಿಯ ಮುಂದೆಯೇ ಮದುವೆಯ ಹಂದರ ಏಳುತ್ತದೆ. ಒಲ್ಲೆನೆಂದ ತಂದೆಯೇ ನಿಂತು ತುಪ್ಪ ಬಡಿಸುತ್ತಾನೆ. ಆ ಹೋಳಿಗೆಯ ಊಟ ಬರೀ ಊಟವಲ್ಲ, ಎರಡು ಕಾಲಗಳು ಒಂದೇ ಪಂಕ್ತಿಯಲ್ಲಿ ಕುಳಿತ ಗಳಿಗೆ!"



"ಯಾವ ಹೋಳಗಿ ರೀ?" ವಕೀಲೆ ಪುಸ್ತಕ ತೆರೆದರು. "ಪುಟ ಹೇಳ್ರಿ."

"ಅದೇ... ಮದುವಿ ಊಟದ್ದು."

"ಯಾರ ಮದುವಿ?"

"ಹುಡುಗಿದು. ಮಾಸ್ತರ್ ಜೋಡಿ."

"ಮಾಸ್ತರ್‌ಗ ಹೆಂಡ್ತಿ ಅದಾಳ್ರಿ. ಮಕ್ಕಳೂ ಅವ. ಮತ್ತ ತುಪ್ಪ ಬಡಿಸಿದವರು ಯಾರು ಅಂದ್ರಿ?"

"ಹುಡುಗಿ ಅಪ್ಪ," ಎಂದೆ. ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

"ಅಂವ ಹುಡುಗಿ ಮೊದಲ್ನೇ ಅಧ್ಯಾಯದಾಗೇ ತೀರ್ಕೊಂಡಾನಲ್ರಿ."

ಗಾರ್ಡ್ ಸಾಹೇಬರು ಕರುಣೆಯಿಂದ ಕೇಳಿದರು: "ಅಕ್ಕೋರೆ, ನಿಮ್ಮದು ಬ್ಯಾರೆ ಛಾಪಾ ಏನ್ರಿ?" ಹೌದು, ಬೇರೆ ಮುದ್ರಣ ಎನ್ನಲು ಬಾಯಿ ತೆರೆದೂ ಬಿಟ್ಟಿದ್ದೆ. ಅಷ್ಟರಲ್ಲಿ ಡಾಕ್ಟರ ಪಾರ್ಸೆಲ್ಲು ನೆನಪಾಗಿ ಬಾಯಿ ಮುಚ್ಚಿದೆ. ಆಮೇಲೆ ಗ್ರಂಥದ ಕನ್ನಡ ಬಿಟ್ಟು, ಮನೆಯ ಮಾತಿನಲ್ಲೇ ಇದ್ದದ್ದನ್ನು ಹೇಳಿದೆ. ನಾನು ಬರೀ ಅಂದಿನದು ಓದಿದ್ದು, ಅತ್ತೆ ಬರೀ ಇಂದಿನದು ಓದಿದ್ದು, ಬೇಳೆ ಹಸನು ಮಾಡುತ್ತ ಅವರು ಹೇಳಿದ್ದು, ಎಲ್ಲವನ್ನೂ.

ಮೊದಲು ನಕ್ಕವರು ಬಾಗಿಲಲ್ಲಿ ನಿಂತಿದ್ದ ಗಾರ್ಡರ ಹೆಂಡತಿ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ಅಲ್ಲೇ ಕುಳಿತುಬಿಟ್ಟರು. ಎಂದೂ ಮಾತಾಡದವರು ಅಂದು, "ಖರೇ ಹೇಳ್ಬೇಕಂದ್ರ ನನಗ ನಿಮ್ಮ ಅತ್ತಿದೇ ಚಲೋ ಅನಸ್ತು ನೋಡ್ರಿ," ಎಂದರು. ವಕೀಲೆ ಬಿಡಲಿಲ್ಲ. ಬಾವಿ ಸರಿಪಡಿಸಿದ ಹುಡುಗಿಗೂ ಕಡೆಗೆ ತಾಳಿಯೇ ಬೇಕೇನು ಎಂದು ಕೇಳಿದರು. ಮಾತು ಬಿಸಿಯೇರಿತು. ಗಾರ್ಡ್ ಸಾಹೇಬರು ಕೈಯೆತ್ತುವುದನ್ನೇ ಮರೆತರು. ಬಳಗದಲ್ಲಿ ಅಷ್ಟು ಜೀವವಿದ್ದ ಚರ್ಚೆ ಮೊದಲು ನಡೆದಿರಲಿಲ್ಲ. ಅದಕ್ಕೆ ನಾನು ಕೊಟ್ಟ ಕಾಣಿಕೆ ನನ್ನ ಅಜ್ಞಾನ ಒಂದೇ. ಹೊರಡುವಾಗ ಗಾರ್ಡ್ ಸಾಹೇಬರು, "ಮುಂದಿನ ಸಲಾನೂ ಇದೇ ಪುಸ್ತಕ. ಅತ್ತಿಯವರನ್ನ ಕರ್ಕೊಂಡ್ ಬರ್ರಿ," ಎಂದರು. ನೀವೂ ಬನ್ನಿ ಎಂದು ನನಗೆ ಹೇಳಿದ ನೆನಪಿಲ್ಲ. ಡಾಕ್ಟರು ಸೇಡಂ ಬರುವವರೆಗೂ ತಮ್ಮಷ್ಟಕ್ಕೆ ನಗುತ್ತಲೇ ಇದ್ದರು.

ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಕೇಳಿದೆ. "ಅತ್ತಿ, ಮಾಸ್ತರ್‌ಗ ಹೆಂಡ್ತಿ ಅದಾಳಂತಲ್ರಿ!"

"ಅದಾಳ," ಎಂದರು ಅತ್ತೆ. ರೊಟ್ಟಿ ಬಡಿಯುತ್ತಿದ್ದರು, ಕೈ ನಿಲ್ಲಿಸಲಿಲ್ಲ. "ಆಕಿ ಹೆಸರು ಬಂದಲ್ಲಿಗೇ ಪುಸ್ತಕ ಮುಚ್ಚಿಟ್ಟೆ. ನನಗ ಭಾಳ ಸಿಟ್ಟು ಬಂದಿತ್ತು."

"ಮತ್ತ ಮದುವಿ ಆಯ್ತು ಅಂದ್ರಿ?"

"ನೀ ಕೇಳ್ದಿ, ನಾ ಹೇಳ್ದೆ. ಪುಸ್ತಕದಾಗ ಬರ್ದಾರ ಅಂತ ಎಲ್ಲಿ ಅಂದೆ? ಆಕಿನ್ನ ಹಂಗೇ ನಡು ದಾರ್ಯಾಗ ಬಿಡ್ಲಿಕ್ಕ ನನಗ ಮನಸ್ಸಾಗ್ಲಿಲ್ಲ."

"ಹೋಗ್ಲಿ, ಸತ್ತ ಅಪ್ಪನ್ನ ಯಾಕ ಎಬ್ಬಿಸಿದ್ರಿ?"

ಅತ್ತೆಯ ಕೈ ಆಗ ನಿಂತಿತು. ತವೆಯ ಮೇಲಿನ ರೊಟ್ಟಿಗೆ ನೀರು ಸವರಿ, ತಿರುವಿ ಹಾಕಿ, ಮೆಲ್ಲಗೆ ಹೇಳಿದರು. "ಮದುವ್ಯಾಗ ಅಪ್ಪ ಇರ್ಬೇಕವ್ವ. ನನ್ನ ಮದುವ್ಯಾಗ ನಮ್ಮಪ್ಪ ಇರ್ಲಿಲ್ಲ. ಅದರ ಮುಂಚೇನ ಸುಗ್ಗಿ ಹೊತ್ತಿನ್ಯಾಗ ತೀರ್ಕೊಂಡ. ಮಂದಿ ಎಲ್ಲಾ ಉಂಡ್ರು. ನನಗ ಮಾತ್ರ ಯಾರು ಬಡ್ಸಾಕತ್ತಾರ, ಏನು ಬಡ್ಸಾಕತ್ತಾರ, ಒಂದೂ ತಿಳೀಲಿಲ್ಲ."

ನಮ್ಮ ತಾಲ್ಲೂಕಿನದೇ ಆದ ಮುಧೋಳದಲ್ಲಿರುವ ಅವರ ತವರಿಗೆ ನಾನು ಎಷ್ಟೋ ಸಲ ಹೋಗಿಬಂದಿದ್ದೇನೆ. ಈ ಮಾತು ನನಗೆ ಗೊತ್ತಿರಲಿಲ್ಲ. ಜಾಗೀರುದಾರನ ವಿಧವೆ ಊರು ಬಿಡುವಾಗ ಮೈಮೇಲೆ ಯಾವ ಯಾವ ಒಡವೆ ಇದ್ದವು ಎಂದು ಕೇಳಿ, ನಿದ್ದೆಯಲ್ಲೂ ಹೇಳುತ್ತೇನೆ. ಒಂದೇ ಒಲೆಯ ಮುಂದೆ ಕುಳಿತವರ ಮದುವೆಯಲ್ಲಿ ಯಾರಿದ್ದರು, ಯಾರಿರಲಿಲ್ಲ ಎಂದು ಮಾತ್ರ ನಾನು ಕೇಳಿರಲಿಲ್ಲ. ಅವರ ಪಕ್ಕ ಕುಳಿತು ಹಿಟ್ಟು ನಾದಿಕೊಟ್ಟೆ. ಹಿಟ್ಟು ನೀರಾಯಿತೆಂದು ಬೈಸಿಕೊಂಡೆ.

ಮರುದಿನ ಸಂಜೆಯಿಂದ ಮೊದಲ ಪುಟದಿಂದಲೇ ಶುರುಮಾಡಿದೆವು. ನಾನು ಗಟ್ಟಿಯಾಗಿ ಓದುವುದು, ಅವರು ಕೇಳುವುದು. ಒಂದು ಅಧ್ಯಾಯವನ್ನೂ ಬಿಡುವಂತಿಲ್ಲ. ಹುಡುಗಿಯ ಭಾಗ ನಾನು ತಿಳಿದಷ್ಟು ಸಪ್ಪೆಯಾಗಿರಲಿಲ್ಲ. ಬಾವಿಯ ತಳದಲ್ಲಿ ಮೊದಲ ಬಾರಿಗೆ ನೀರು ಒಸರಿದಾಗ ಅವಳು ಊರವರಿಗೆ ಹೇಳುವ ಮೊದಲು ಒಬ್ಬಳೇ ಮೆಟ್ಟಿಲ ಮೇಲೆ ಕುಳಿತು ಪಾದ ನೆನೆಸಿಕೊಳ್ಳುತ್ತಾಳೆ. ಆ ಪುಟವನ್ನು ಎರಡು ಸಲ ಓದಿದೆ. ಅತ್ತೆಗೂ ವಿಧವೆಯ ಮೇಲೆ ನಿಧಾನಕ್ಕೆ ಮನಸ್ಸು ಬಂತು. ಆಕೆ ಕುದುರೆ ಏರಿದ ಪುಟದಲ್ಲಿ, "ಹೋಗವ್ವ ಹೋಗು, ಹಿಂದ ತಿರುಗಿ ನೋಡ್ಬ್ಯಾಡ," ಎಂದು ಜೋರಾಗಿಯೇ ಹರಸಿದರು. ಔಷಧಿ ಅಂಗಡಿ ಮುಚ್ಚಿ ಆಗ ತಾನೇ ಒಳಗೆ ಬಂದ ನನ್ನ ಗಂಡ, ತಾಯಿ ತನ್ನ ಹೆಂಡತಿಯನ್ನೇ ಮನೆ ಬಿಟ್ಟು ಕಳಿಸುತ್ತಿದ್ದಾರೆಂದು ತಿಳಿದು ಬಾಗಿಲಲ್ಲೇ ನಿಂತುಬಿಟ್ಟ.

ಮುಂದಿನ ತಿಂಗಳು ಅತ್ತೆ ಇಳಕಲ್ ಸೀರೆ ಉಟ್ಟು ನಮ್ಮ ಜೊತೆ ವಾಡಿಗೆ ಬಂದರು. ನಾನು ಈ ಸಲ ಎರಡೂ ಕಾಲಗಳನ್ನು ಅರೆದು ಕುಡಿದಿದ್ದೆ. ಯಾರು ಯಾವ ಮೂಲೆಯಿಂದ ಕೇಳಿದರೂ ಉತ್ತರ ಸಿದ್ಧವಿತ್ತು. ಯಾರೂ ಕೇಳಲಿಲ್ಲ. ಗಾರ್ಡರ ಹೆಂಡತಿ ಅಡುಗೆಮನೆಯ ಬಾಗಿಲು ಬಿಟ್ಟು ಅತ್ತೆಯ ಪಕ್ಕದಲ್ಲೇ ಕುಳಿತರು. ಅತ್ತೆ ವಕೀಲೆಯ ಜೊತೆ ಜಗಳಕ್ಕೆ ನಿಂತು, ಸೋತು, ಹುಡುಗಿ ಮದುವೆಯಿಲ್ಲದೆ ಇರಬಹುದು ಎಂದು ಒಪ್ಪಿದರು. ಅಪ್ಪ ಮಾತ್ರ ಬದುಕಿರಬೇಕಿತ್ತು ಎಂಬ ಮಾತನ್ನು ಕೊನೆಯವರೆಗೂ ಬಿಟ್ಟುಕೊಡಲಿಲ್ಲ. ಮುಂದಿನ ಪುಸ್ತಕ ಯಾವುದಿರಲಿ ಎಂದು ಗಾರ್ಡ್ ಸಾಹೇಬರು ನನ್ನ ಕಡೆ ತಿರುಗದೆ ನೇರವಾಗಿ ಅವರನ್ನೇ ಕೇಳಿದರು. "ದಪ್ಪ ಅಕ್ಷರದ್ದು ಯಾವ್ದಾರ ತರ್ಸ್ರಿ," ಎಂದರು ಅತ್ತೆ.

ಈಗಲೂ ನಾವು ಹೋಗುತ್ತೇವೆ. ನಾನು ಮಾತಾಡಲು ಗಂಟಲು ಸರಿಮಾಡಿಕೊಂಡರೆ ಗಾರ್ಡ್ ಸಾಹೇಬರು ಕೈ ಎತ್ತುತ್ತಾರೆ: "ಪೂರ್ತಿ ಓದೀರೇನ್ರಿ ಅಕ್ಕೋರೆ?" ಓದಿದ್ದೇನೆ ಎನ್ನುತ್ತೇನೆ. ಎಲ್ಲರೂ ಅತ್ತೆಯ ಕಡೆ ನೋಡುತ್ತಾರೆ. ಅವರು ಹೂಂ ಅಂದ ಮೇಲೆಯೇ ನನಗೆ ಮಾತಾಡಲು ಬಿಡುತ್ತಾರೆ.